ಬುರುಜಿನಾಕಿಗೆ ಒಯ್ದ ಉಡಿ

ಮೋಟಾರು ಇದ್ದಲಿ ತಿನ್ನುತ್ತಿದ್ದ ಕಾಲ ಅದು. ಈಗಿನ ಮೊಮ್ಮಕ್ಕಳಿಗೆ ಹೇಳಿದರೆ, ಅಜ್ಜಿ ಬುರುಡೆ ಬಿಡುತ್ತಾಳೆ ಎಂದು ನಗುತ್ತವೆ. ನಗಲಿ. ಎಲ್ಲೋ ದೂರದೇಶದಲ್ಲಿ ಲಡಾಯಿ ನಡೆದಿತ್ತು, ಪೆಟ್ರೋಲೆಲ್ಲ ಅದರ ಪಾಲಾಗಿತ್ತು. ನಮ್ಮ ಜೇವರ್ಗಿ ರಸ್ತೆಯ ಮೋಟಾರಿನ ಬೆನ್ನಿಗೆ ಕಬ್ಬಿಣದ ದೊಡ್ಡ ಹಂಡೆಯೊಂದನ್ನು ಕಟ್ಟಿರುತ್ತಿದ್ದರು. ಅದರಲ್ಲಿ ಇದ್ದಲಿ ಸುರಿದು, ಬೆಂಕಿ ಹಾಕಿ, ಹಿಡಿಕೆ ತಿರುವಿ ಗಾಳಿ ಊದಿ, ಅದು ದಮ್ಮು ಹಿಡಿದ ಮೇಲೆ ಗಾಡಿ ಹೊರಡಬೇಕು. ಏರು ಬಂದರೆ ಜನ ಇಳಿದು ನೂಕಬೇಕು. ನಾನು ಹುಟ್ಟಿ ಮೊದಲ ಸಲ ಮೋಟಾರು ಹತ್ತಿದ್ದು ಅಂಥದರಲ್ಲಿ, ಅದೂ ಇದ್ದಲಿ ಚೀಲದ ಮೇಲೆ ಕೂತು. ಆ ಒಂದು ದಿನದ ಮಾತನ್ನೇ ಇಲ್ಲಿ ಹೇಳುತ್ತೇನೆ.

ನನಗಾಗ ಹತ್ತು ವರ್ಷ ಇದ್ದೀತು. ಕೊಳಕೂರಿನಲ್ಲಿ ಊರ ಹೊರಗಿನ ಕೇರಿ ನಮ್ಮದು. ಕೇರಿಯ ಮಕ್ಕಳಲ್ಲಿ ಶಾಲೆಗೆ ಹೋಗುತ್ತಿದ್ದವರು ನಾಲ್ಕೇ ಜನ, ಅದರಲ್ಲಿ ಹುಡುಗಿ ನಾನೊಬ್ಬಳೇ. ಒಳಗೆ ಕೂರುವಂತಿರಲಿಲ್ಲ, ಪಡಸಾಲೆಯ ಮೂಲೆ ನಮಗೆ. ಇಮಾಮ ಮಾಸ್ತರು ಒಳ್ಳೆಯವರು. ಊರ ಜನ ಗೊಣಗಿದರೂ ತಮ್ಮ ಕುರ್ಚಿಯನ್ನು ಬಾಗಿಲಲ್ಲೇ ಹಾಕಿಕೊಂಡು ಒಳಗಿನವರಿಗೂ ಹೊರಗಿನವರಿಗೂ ಒಟ್ಟಿಗೆ ಉರ್ದುವಿನ ಅಲಿಫ್ ಬೇ ಹೇಳಿಸುತ್ತಿದ್ದರು; ನಿಜಾಮನ ರಾಜ್ಯದಲ್ಲಿ ಓದು ಎಂದರೆ ಉರ್ದುವೇ. ಅವರ ತಲೆಯಲ್ಲಿ ಒಂದು ಹುಚ್ಚಿತ್ತು. ಪುಸ್ತಕದಲ್ಲಿ ರಾಜರ ಪಾಠ ಓದಿಸುವುದಷ್ಟೇ ಸಾಲದು, ರಾಜರು ಇದ್ದ ಜಾಗವನ್ನು ಮಕ್ಕಳು ಕಣ್ಣಾರೆ ನೋಡಬೇಕು ಎಂಬ ಹುಚ್ಚು. ಎಳ್ಳಮಾಸಿ ಮುಗಿದು ಎಂಟು ದಿನಕ್ಕೆ ಅವರು ಹೇಳಿಯೇಬಿಟ್ಟರು.

"ಬರೂ ಜುಮ್ಮಾ ದಿನ, ಶುಕ್ರವಾರ, ಖಿಲ್ಲೇದ ಸೈರು, ಕ್ವಾಟಿ ನೋಡಾಕ ಹೋಗೂದು. ಶಹಾಪುರದ ಗುಡ್ಡ, ಸುರಪುರದ ಅರಮನಿ. ಕೋಳಿ ಕೂಗೂದ್ರಾಗ ಮೋಟಾರು ಬರ್ತದ, ರೊಟ್ಟಿ ಕಟ್ಟಿಕೊಂಡು ಬರ್ರಿ. ಮನ್ಯಾಗಿನ ಹಿರೇರು ಒಬ್ರು ಬಂದ್ರೂ ನಡೀತದ."

ನಾನು ಓಡಿಬಂದು ಇದನ್ನು ಹೇಳಿದ್ದು ಅವ್ವನಿಗೆ. ಕೇಳಿಸಿಕೊಂಡದ್ದು ಆಯಿ. ಆಯಿ ಎಂದರೆ ನಮ್ಮಪ್ಪನ ತಾಯಿ. ಒಣಗಿದ ತೊಗರಿ ಕಟ್ಟಿಗೆಯಂಥ ಮುದುಕಿ, ಮೊಣಕಾಲು ಎರಡೂ ಹಿಡಿದುಹೋಗಿದ್ದವು, ಬಾಯಿ ಮಾತ್ರ ಹಿಡಿದಿರಲಿಲ್ಲ. ಸುರಪುರದ ಕಡೆಯ ಗುಡ್ಡದ ಸಣ್ಣದೊಂದು ಊರು ಅವಳ ತವರು. ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ತವರಿನ ಊರು ಹಿಡಿದೇ ಕರೆಯುತ್ತಾರೆ. ಕೇರಿಯವರಿಗೆಲ್ಲ ಅವಳು 'ಗುಡ್ಡದಾಕಿ'.

ಅವಳು ಜೋಳ ಕೇರುವ ಮೊರ ಕೆಳಗಿಟ್ಟು ಕೇಳಿದಳು, "ಸುರಪುರಕ್ಕ ಹೋಗ್ತದೇನು ಮೋಟಾರು? ನಾ ಬರ್ತೇನಿ."

ಅಪ್ಪ ಬೈದ. "ಹುಚ್ಚ ಹಿಡದದೇನ್ ಬೇ ನಿನಗ? ಅಂಗಳ ದಾಟಾಕ ಕೋಲು ಬೇಕು, ಗುಡ್ಡ ಏರ್ತೀ?"

"ನಿನ್ನ ಹೇಣ್ತಿ ಹೊಟ್ಯಾಗಿಂದು ಈ ಸಲ ಉಳೀಬೇಕೋ ಬ್ಯಾಡೋ, ಅಷ್ಟ ಹೇಳು."

ಅಪ್ಪ ಎದ್ದು ಅಂಗಳಕ್ಕೆ ಹೋದ. ಒಲೆಯ ಮುಂದೆ ಕೂತಿದ್ದ ಅವ್ವ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡಳು. ನನ್ನ ಹಿಂದೆ ಹುಟ್ಟಿದ ಮೂರು ಕೂಸುಗಳು ವರ್ಷ ತುಂಬುವುದರೊಳಗೆ ಹೋಗಿದ್ದವು. ಈಗ ಅವ್ವನಿಗೆ ಏಳು ತಿಂಗಳು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ, ಆದರೆ ಎಲ್ಲರೂ ಅದನ್ನೇ ಎಣಿಸುತ್ತಿದ್ದೆವು.

ಆಯಿಗೆ ಒಂದು ನಂಬಿಕೆ ಇತ್ತು. ಅವಳ ತವರಿನ ಗುಡ್ಡದ ಮೇಲೆ ಚಿಕ್ಕದೊಂದು ಕೋಟೆ ಇದೆ. ಯಾವುದೋ ರಾಜ ಅದರ ಬುರುಜು ಕಟ್ಟಿಸುವಾಗ ಹಗಲು ಕಟ್ಟಿದ್ದು ರಾತ್ರಿ ಬೀಳುತ್ತಿತ್ತಂತೆ. ತುಂಬಿದ ಬಸುರಿಯನ್ನು ಒಳಗಿಟ್ಟು ಕಟ್ಟಿದರೆ ನಿಲ್ಲುತ್ತದೆ ಎಂದರಂತೆ. ಅರಮನೆಯ ಬಸುರಿಯನ್ನು ಯಾರು ಕೊಡುತ್ತಾರೆ? ಕೇರಿಗೆ ಬಂದರು. ಆಯಿಯ ತವರುಮನೆತನದ ಹೆಣ್ಣುಮಗಳನ್ನು ಒಯ್ದರು. ಬುರುಜು ನಿಂತಿತು. ಅವಳ ಗುರುತಿಗೆ, ಬಳೆ ತೊಟ್ಟ ಹೆಣ್ಣಿನ ಕೈಯೊಂದನ್ನು ಕೆತ್ತಿದ ಕಲ್ಲನ್ನು ಅಲ್ಲಿ ಕೂರಿಸಿದ್ದಾರೆ. ಆ ಮನೆತನದ ಹೆಣ್ಣುಮಕ್ಕಳು ಕಾಲಕಾಲಕ್ಕೆ ಹೋಗಿ ಆ ಕೈಗೆ ಉಡಿ ತುಂಬಬೇಕು, ಹಸಿರು ಬಳೆ ಇಡಬೇಕು. ಆಯಿ ಮದುವೆಯಾಗಿ ಬಂದ ಮೇಲೆ ಒಂದೇ ಸಲ ಹೋಗಿದ್ದಳು. ಆಮೇಲೆ ಅವಳ ಗಂಡ, ನಮ್ಮ ಮುತ್ಯಾ, ಸತ್ತ, ದುಡಿಮೆ ಬಿತ್ತು, ಕಾಲು ಹಿಡಿಯಿತು. "ಉಡಿ ತಪ್ಪಿತು. ಆಕಿ ತನ್ನ ಕೂಸು ಕಳಕೊಂಡಾಕಿ. ನಮ್ಮ ಮನೀ ಕೂಸು ಎಳಕೋತಾಳ" ಎನ್ನುತ್ತಿದ್ದಳು.

"ಆಕೀ ಹೆಸರೇನು ಆಯಿ?" ಎಂದು ಒಮ್ಮೆ ಕೇಳಿದ್ದೆ.

"ಬುರುಜಿನಾಕಿ."

"ಅದು ಹೆಸರಲ್ಲ."

"ಹೆಸರು ಯಾರು ಇಟ್ಕೋತಾರಬೇ? ಕಟ್ಟಿಸಿದಾವನ ಹೆಸರು ಐತಿ, ಕಲ್ಲಾಗ ಕೊರದಾರ. ಆಕೀದು ಯಾರೂ ಕೇಳಿಲ್ಲ."

ಹೊರಡುವ ಹಿಂದಿನ ದಿನ ಉಡಿ ಕಟ್ಟಿದೆವು. ಐದು ಹಿಡಿ ಅಕ್ಕಿ, ಒಂದು ಒಣಕೊಬ್ಬರಿ ಬಟ್ಟಲು, ಐದು ಅರಿಷಿಣದ ಕೊಂಬು, ಐದು ಅಡಿಕೆ, ಒಂದು ಜೊತೆ ಹಸಿರು ಬಳೆ, ಇವೆಲ್ಲವನ್ನೂ ಸುತ್ತಿ ಕಟ್ಟಲು ಒಂದು ಕೆಂಪು ಖಣ. ನಮ್ಮ ಮನೆಯಲ್ಲಿ ಅಕ್ಕಿ ಕಾಣುವುದೇ ಹಬ್ಬಕ್ಕೆ. ಕಟ್ಟಿದವಳು ಅವ್ವ, ಹೊರುವವಳು ನಾನು. ಆಯಿ ಗಂಡ ಸತ್ತವಳು, ಉಡಿಯನ್ನು ಮುಟ್ಟುವಂತಿರಲಿಲ್ಲ. ದೂರ ಕೂತು ಬೆರಳು ತೋರಿಸುತ್ತಾ ನನಗೆ ಕಟ್ಟಳೆ ಕಲಿಸಿದಳು.

"ಹೊಸ್ತಿಲು ದಾಟಿದ ಮ್ಯಾಲ?"

"ನೆಲಕ್ಕ ಇಡಂಗಿಲ್ಲ."

"ಕೈ ಸೋತ್ರ?"

"ಇನ್ನೊಂದು ಕೈಗೆ ತೊಗೋತೇನಿ."

"ತಿರುಗಿ ಮನೀಗೆ?"

"ತರಂಗಿಲ್ಲ."

"ಶಾಣ್ಯಾಕಿ" ಎಂದಳು. ನಾನು ಉಬ್ಬಿಹೋದೆ.

ಬೆಳಗಾಗುವ ಮುಂಚೆ ಮೋಟಾರು ಬಂತು. ಮೂವತ್ತು ಜನ ಹತ್ತಿದರು. ನಮಗೆ ಸೀಟು ಇಲ್ಲ ಎಂದು ಡ್ರೈವರ್ ಹಿಂದೆ ಇದ್ದಲಿ ಚೀಲಗಳನ್ನು ತೋರಿಸಿದ. ಮಾಸ್ತರು ಏನೋ ಹೇಳಲು ಬಾಯಿ ತೆರೆದರು. ಆಯಿಯೇ ತಡೆದಳು. "ಇರ್ಲಿ ಬಿಡ್ರಿ ಮಾಸ್ತರ, ಮೆತ್ತಗ ಅವ" ಎಂದು ಚೀಲದ ಮೇಲೆ ಚಕ್ಕಳಮಕ್ಕಳ ಹಾಕಿದಳು. ನಾನು ಪಕ್ಕದಲ್ಲಿ, ಉಡಿಯನ್ನು ಎದೆಗವಚಿಕೊಂಡು. ಮೂಗಿನ ತುಂಬ ಕೊಬ್ಬರಿ, ಅರಿಷಿಣ, ಇದ್ದಲಿ ಹೊಗೆ. ಇಂದಿಗೂ ಆ ಮೂರು ವಾಸನೆ ಒಟ್ಟಿಗೆ ಬಂದರೆ ನನಗೆ ಹತ್ತು ವರ್ಷ.

ಬೆಳಕು ಹರಿದಾಗ ಎರಡೂ ಕಡೆ ಬಿಳಿಜೋಳದ ಹೊಲ, ತೆನೆ ಹಾಲುಗಟ್ಟಿದ್ದವು. ಹುಡುಗರು ಫರ್ಲಾಂಗ್ ಕಲ್ಲು ಎಣಿಸುವ ಆಟ ಹೂಡಿದರು. ಮೊದಲು ಕಂಡವನು ಕೂಗಬೇಕು, ಕೂಗಿದವನಿಗೆ ಪಕ್ಕದವನ ಬೆನ್ನಿಗೆ ಒಂದು ಗುದ್ದು ಹಾಕುವ ಹಕ್ಕು. ನನ್ನನ್ನು ಆಟಕ್ಕೆ ಸೇರಿಸಲಿಲ್ಲ, ಗುದ್ದಲು ನನ್ನನ್ನು ಮುಟ್ಟಬೇಕಲ್ಲ! ನಾನು ಒಳಗೊಳಗೇ ಎಣಿಸಿದೆ. ಅವರಿಗಿಂತ ನನಗೇ ಹೆಚ್ಚು ಕಲ್ಲು ಸಿಕ್ಕವು, ಈಗಲೂ ಬಿಟ್ಟುಕೊಡುವುದಿಲ್ಲ.

ಶಹಾಪುರದ ಗುಡ್ಡ ಬಂತು. ದೂರದಿಂದ ನೋಡಿದರೆ ಮನುಷ್ಯನೊಬ್ಬ ಅಂಗಾತ ಮಲಗಿದ ಹಾಗೆ. "ಅಲ್ಲಿ ನೋಡ್ರಿ ಮೂಗು, ಅಲ್ಲಿ ಹೊಟ್ಟಿ" ಎಂದು ಮಾಸ್ತರು ತೋರಿಸಿದರು. ಮೇಲಿನ ಕೋಟೆಗೋಡೆಯವರೆಗೆ ಮಕ್ಕಳನ್ನು ಹತ್ತಿಸಿ ಇಳಿಸಿದರು. ಆಯಿ ಕೆಳಗೇ ಕೂತಳು. "ಕಾಲು ಅಲ್ಲಿಗೆ ಅಂತ ತಗದಿಟ್ಟೇನಿ, ಇಲ್ಲಿ ಖರ್ಚು ಮಾಡಂಗಿಲ್ಲ."

ಸುರಪುರದ ದಾರಿಯ ಏರಿನಲ್ಲಿ ಮೋಟಾರು ಕೆಮ್ಮಿ ನಿಂತುಬಿಟ್ಟಿತು. ಎಲ್ಲರೂ ಇಳಿದು ನೂಕಿದೆವು, ನಾನು ಒಂದೇ ಕೈಯಿಂದ. ಗೌಡರ ಮಗ, ಕುಲಕರ್ಣಿ ಮನೆಯ ಹುಡುಗ, ನಮ್ಮ ಕೇರಿಯ ಮೂವರು, ಎಲ್ಲರ ಮುಖವೂ ಮಸಿ. ಯಾರು ಯಾರೆಂದು ಗುರುತು ಹತ್ತದೆ ಮಾಸ್ತರು ಬಿದ್ದು ಬಿದ್ದು ನಕ್ಕರು. ಮತ್ತೆ ಹಂಡೆಗೆ ಗಾಳಿ ಊದಬೇಕಾಯಿತು. ಆ ಹಿಡಿಕೆ ತಿರುವುವುದೆಂದರೆ ಹುಡುಗರಿಗೆ ಜೀವ. ಒಬ್ಬೊಬ್ಬರಿಗೆ ಹತ್ತು ಸುತ್ತು ಎಂದರು ಮಾಸ್ತರು, ಕೊನೆಗೆ ನನ್ನ ಕಡೆ ತಿರುಗಿ, "ನೀನೂ ಬಾ, ಬೇಟೀ" ಎಂದರು.

ಎರಡು ಕೈ ಇಲ್ಲದೆ ಆ ಹಿಡಿಕೆ ತಿರುಗುವುದಿಲ್ಲ. ಆಯಿ ಅತ್ತ ಕಡೆ ರಸ್ತೆ ಬದಿಗೆ ಹೋಗಿದ್ದಳು. ನಾನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದೆ. ಉಡಿಯನ್ನು ಬೇವಿನ ಗಿಡದ ಬುಡಕ್ಕೆ ಇಟ್ಟೆ. ಹತ್ತು ಸುತ್ತು ತಿರುವಿದೆ, ಹಂಡೆ ಬುಸ್ಸೆಂದಿತು, ಎಲ್ಲರೂ ಹೋ ಎಂದರು. ಓಡಿಹೋಗಿ ಉಡಿ ಎತ್ತಿಕೊಂಡೆ. ಅದಕ್ಕೆ ಮೂರು ಇರುವೆ ಹತ್ತಿದ್ದವು, ಊದಿ ಬಿಟ್ಟೆ. ಯಾರೂ ನೋಡಲಿಲ್ಲ. ಆದರೆ ಆ ಕ್ಷಣದಿಂದ ಗಂಟು ಕಲ್ಲಿನಷ್ಟು ಭಾರವಾಯಿತು.

ಸುರಪುರದ ಗುಡ್ಡದ ಅರಮನೆಯನ್ನು ನೋಡಿದೆನೋ ಇಲ್ಲವೋ ಎನ್ನುವ ಹಾಗೆ ನೋಡಿದೆ. ಎತ್ತರದ ಬಾಗಿಲು, ಕಟ್ಟಿಗೆಯ ಕಂಬ, ಪಾರಿವಾಳದ ಹಿಕ್ಕೆ ನೆನಪಿವೆ. ಮಾಸ್ತರು ಬಾಯಿತುಂಬ ಅಲ್ಲಿ ಆಳಿದ ನಾಯಕರ ಶೌರ್ಯ ಹೇಳಿದರು. ನನ್ನ ಕಿವಿಗೆ ಹೋಗಲಿಲ್ಲ, ಅವ್ವನ ಹೊಟ್ಟೆಯೇ ಕಣ್ಣ ಮುಂದೆ. ಮಧ್ಯಾಹ್ನ ಮರದ ಕೆಳಗೆ ರೊಟ್ಟಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ನಾನು ಉಡಿಯನ್ನು ಎಡಗೈಯಲ್ಲಿ ಹಿಡಿದೇ ಉಂಡೆ. ಆಯಿ ಅದನ್ನು ನೋಡಿ ತಲೆದೂಗಿದಳು, ನಾನು ತಲೆ ತಗ್ಗಿಸಿದೆ.

ತಿರುಗಿ ಬರುವ ದಾರಿಯಲ್ಲಿ ಆಯಿಯ ಗುಡ್ಡ ಬಂತು. ಅದರ ಹೆಸರು ಹೇಳುವುದಿಲ್ಲ, ಹೇಳಿದರೂ ನಿಮಗೆ ಗೊತ್ತಾಗುವಂಥದಲ್ಲ. ಆಯಿ ಚೀಲದ ಮೇಲಿಂದಲೇ ಕೂಗಿದಳು.

"ಮಾಸ್ತರ, ಇಲ್ಲಿ ನಿಂದರಸ್ರಿ!"

ಮಾಸ್ತರು ಗಡಿಯಾರ ನೋಡಿಕೊಂಡರು. "ಆಯಿ, ಹೊತ್ತು ಮುಳಗೂದ್ರಾಗ ಮಕ್ಕಳನ್ನ ಮನೀಗೆ ಮುಟ್ಟಿಸಬೇಕು. ಮುಂದಿನ ಸಲ ನೋಡೋಣಂತ್ರಿ."

"ಮುಂದಿನ ಸಲಕ್ಕ ನಾ ಇರಂಗಿಲ್ಲ." ಡ್ರೈವರ್ ಕಡೆ ತಿರುಗಿದಳು. "ಏ ತಮ್ಮಾ, ಆ ಹಂಡೇದಾಗಿನ ಬೂದಿ ಝಾಡಿಸೂದದನೋ ಇಲ್ಲೋ? ಮುಂಜಾನಿಂದ ನೋಡಾಕತ್ತೇನಿ, ಬೂದಿ ತುಂಬಿದಾಗೊಮ್ಮೆ ಕೆಮ್ಮತದ. ಮುಂದ ಮತ್ತೊಂದು ಏರದ."

ಡ್ರೈವರ್ ನಕ್ಕ. "ಖರೇ ಅದರಿ ಮಾಸ್ತರ, ಝಾಡಿಸಬೇಕು. ಆರಬೇಕು, ತುಂಬಬೇಕು, ಒಂದು ತಾಸು ಹಿಡೀತದ. ಇಲ್ಲೇ ಮಾಡ್ತೇನಿ ತಗೋರಿ."

"ಒಂದು ತಾಸು ಸಾಕು" ಎಂದು ಆಯಿ ಇಳಿದೇಬಿಟ್ಟಳು. ಮಾಸ್ತರು ಹಿಂದಿನಿಂದ, "ಹಾರನ್ ಹೊಡೆದ ಕೂಡ್ಲೇ ಬರಬೇಕು ನೋಡ್ರಿ!" ಎಂದರು.

ಕೋಟೆಗೆ ಹೋಗುವ ಮೆಟ್ಟಿಲು ಆನೆ ಹತ್ತಲೆಂದು ಮಾಡಿದ್ದವೋ ಏನೋ, ಒಂದೊಂದು ನನ್ನ ಮೊಣಕಾಲಿನೆತ್ತರ. ಆಯಿ ಮೊದಲ ಇಪ್ಪತ್ತು ಮೆಟ್ಟಿಲು ಕೋಲೂರಿ ಏರಿದಳು. ಆಮೇಲೆ ಕೋಲು ಬಿಟ್ಟಳು. ಮೆಟ್ಟಿಲಿಗೆ ಬೆನ್ನು ಕೊಟ್ಟು ಕೂತು, ಎರಡೂ ಕೈ ಊರಿ, ಕುಂಡಿ ಎತ್ತಿ ಮೇಲಿನ ಮೆಟ್ಟಿಲಿಗೆ ಇಡುತ್ತಾ, ಹಿಂದುಹಿಂದಕ್ಕೆ ಹತ್ತತೊಡಗಿದಳು. ಅಂಗೈ ತರಚಿತು. ಸೀರೆ ಮಣ್ಣಾಯಿತು. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ. ರಾಜನಿಗೆ ಕೆಲವು, ಕಲ್ಲಿಗೆ ಕೆಲವು, ತನ್ನ ಮೊಣಕಾಲಿಗೆ ಉಳಿದದ್ದೆಲ್ಲ.

"ಆಯಿ, ಸಾಕು. ನಾನೇ ಹೋಗಿ ಇಟ್ಟು ಬರ್ತೇನಿ."

"ನಿನಗ ಯಾವ ಕಲ್ಲು ಅಂತ ಗೊತ್ತೇನು? ನಡೀ ಮುಂದ. ಸೊಟ್ಟ ಮಾರಿ ಮಾಡಬ್ಯಾಡ."

ಅರ್ಧ ದಾರಿಯಲ್ಲಿ ಮೇಲಿಂದ ಠಣ್ ಠಣ್ ಸದ್ದು ಕೇಳಿತು. ಸುತ್ತಿಗೆಯ ಸದ್ದು. ಆಯಿ ಕಿವಿಗೊಟ್ಟಳು, ಬೈಗುಳ ನಿಲ್ಲಿಸಿ ಜೋರಾಗಿ ಹತ್ತತೊಡಗಿದಳು.

ಮೇಲೆ ಹೋಗಿ ನೋಡಿದರೆ ಬುರುಜು ಇರಲಿಲ್ಲ. ಅರ್ಧ ಇತ್ತು ಅನ್ನಿ. ಹೊಟ್ಟೆ ಸೀಳಿ ತೆರೆದಿಟ್ಟಿದ್ದರು. ಎಲ್ಲಿಯೋ ರಸ್ತೆಗೆ ಸೇತುವೆ ಕಟ್ಟಲು ಗುತ್ತೇದಾರನೊಬ್ಬ ಕಲ್ಲು ಕೀಳಿಸುತ್ತಿದ್ದ. ಎಂಟು ಹತ್ತು ಜನ ಕಲ್ಲು ಒಡೆಯುವವರು ಕೆಲಸದಲ್ಲಿದ್ದರು. ಕಿತ್ತ ಕಲ್ಲನ್ನು ಹೆಂಗಸರು ತಲೆಯ ಮೇಲೆ ಹೊತ್ತು, ಆಚೆ ಬದಿಯ ಬಂಡಿದಾರಿಗೆ ಸುರಿಯುತ್ತಿದ್ದರು.

ಆಯಿ ಆ ಗೋಡೆಯತ್ತ ಹೋದಳು. ಕೈಯಿಂದ ಸವರಿದಳು. ಇಲ್ಲ, ಇಲ್ಲಿ, ಇಲ್ಲ ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಕೆಲಸ ನೋಡಿಕೊಳ್ಳುತ್ತಿದ್ದ ಮುಕಾದಮನನ್ನು ಕೇಳಿದಳು, "ಇಲ್ಲಿ ಒಂದು ಕೈ ಕೆತ್ತಿದ ಕಲ್ಲಿತ್ತಲ್ರೀ, ಬಳಿ ಕೈ?"

"ಇತ್ತೇಳಬೇ. ಮೊನ್ನೆ ಬಂಡ್ಯಾಗ ಹೋತು."

"ಅದರ ಹಿಂದ? ಒಳಗ ಏನರ ಸಿಕ್ತೇನ್ರಿ?"

"ಏನ್ ಸಿಗ್ತದ? ಮಣ್ಣು, ಗರಸು. ಒಂದು ಹಾವಿನ ಪೊರಿ."

"ಎಲುಬು?"

ಮುಕಾದಮ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಎಲುಬಾ? ಇಲ್ಲ. ಬುಡದ ತನಕ ಅಗದೇವಿ. ಯಾಕ?"

ಆಯಿ ಆ ತೆರೆದ ಗೂಡಿನ ಮುಂದೆ ಕುಕ್ಕರಿಸಿದಳು. ಅವಳು ಅಳುವುದನ್ನು ನಾನು ನೋಡಿದವಳೇ ಅಲ್ಲ. ಆವತ್ತೂ ಅಳಲಿಲ್ಲ. ಆದರೆ ಅವಳ ಮುಖದಲ್ಲಿ ದಾರಿ ತಪ್ಪಿದ ಕೂಸಿನ ಗಾಬರಿ ಇತ್ತು, ಅದು ನನಗೆ ಅಳುವಿಗಿಂತ ಕೆಟ್ಟದ್ದಾಗಿ ಕಂಡಿತು. ಉಡಿ ಇಡಲು ಕಲ್ಲಿಲ್ಲ. ಮನೆಗೆ ತಿರುಗಿ ತರುವಂತಿಲ್ಲ. ಮನೆಯಲ್ಲಿ ಅವ್ವ.

ನನಗೆ ತಡೆಯಲಾಗಲಿಲ್ಲ. ಗೊಳೋ ಎಂದು ಅತ್ತೆ. "ನನ್ನಿಂದ ಆತು ಆಯಿ. ಹಿಡಿಕಿ ತಿರುವಾಕ ಉಡಿ ನೆಲಕ್ಕಿಟ್ಟೆ. ಇರಿಬಿ ಹತ್ತಿದ್ವು. ಅದಕ್ಕ ಆಕಿ ಸಿಟ್ಟಾಗಿ ಎದ್ದು ಹೋಗ್ಯಾಳ. ಈಗ ಅವ್ವನ ಕೂಸು..."

ಬೀಳುತ್ತದೆ ಕಪಾಳಕ್ಕೆ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಆಯಿ ಆ ಗೂಡಿನ ಕಡೆ, ಆಮೇಲೆ ನನ್ನ ಕಡೆ ನೋಡಿದಳು.

"ಹುಚ್ಚಿ" ಎಂದಳು. "ಆಕೀನ್ನ ಜೀವಂತ ನೆಲದಾಗ ಇಟ್ರು ಅಂತಾರ. ಇಟ್ಟವರಿಗೆ ಏನೂ ಆಗಲಿಲ್ಲ, ರಾಜ್ಯ ಆಳಿದ್ರು. ನೀ ಐದು ಹಿಡಿ ಅಕ್ಕಿ ಇಟ್ರ ಏನಾಗ್ತದಬೇ?"

ಸೆರಗಿನಿಂದ ನನ್ನ ಮೂಗು ಒರೆಸಿದಳು. ನನ್ನ ಮುಖದ ಮಸಿಯೆಲ್ಲ ಅವಳ ಸೆರಗಿಗೆ ಹತ್ತಿತು. "ಆಕಿ ಇಲ್ಲಿ ಇಲ್ಲ. ಒಂದೋ ಆಕೀನ್ನ ಇಡಲೇ ಇಲ್ಲ, ಇಲ್ಲಾ ಆಕಿ ಹೊರಗ ಬಂದು ನಡಕೊಂತ ಹೋದಳು. ಯಾವುದಾದ್ರೂ ಛಲೋನೇ ಆತು. ಇಷ್ಟು ವರ್ಷ ನಾವು ಖಾಲಿ ಗೋಡೀಗೆ ಹೆದರಿದಿವಿ ನೋಡು."

ಅವಳು ಹೀಗೆ ಹೇಳುವಾಗ ಕಲ್ಲು ಹೊರುವ ಹೆಂಗಸರಲ್ಲಿ ಒಬ್ಬಳು ನಮ್ಮ ಪಕ್ಕದಲ್ಲೇ ಬುಟ್ಟಿ ಇಳಿಸಿ ಕೂತಳು. ಇಪ್ಪತ್ತು ವರ್ಷ ಆಗಿರಲಿಕ್ಕಿಲ್ಲ. ತುಂಬಿದ ಬಸುರಿ. ಸೊಂಟ ಹಿಡಿದುಕೊಂಡು ಉಸಿರು ಬಿಡುತ್ತಿದ್ದಳು. ತಲೆಯ ಸಿಂಬಿಯಡಿ ಕೂದಲೆಲ್ಲ ಸುಣ್ಣದ ಧೂಳು. ಮುಕಾದಮ ದೂರದಿಂದ ಕೂಗಿದ, "ಏ, ಏಳಬೇ, ಬಂಡಿ ನಿಂತಾವ!"

ಆಯಿ ಅವನ ಕಡೆ ತಿರುಗಿದಳು. "ನಿಂದರ್ಲಿ! ನಿಮ್ಮವ್ವ ನಿನ್ನ ಹೊತ್ತಾಗ ಹಿಂಗ ಕಲ್ಲು ಹೊತ್ತಿದ್ದಳೇನೋ?" ಅವಳ ದನಿಗೆ ಸುತ್ತಿಗೆಗಳೂ ನಿಂತವು. ಮುಕಾದಮ ಏನೋ ಗೊಣಗಿ ಬೀಡಿ ಹಚ್ಚಿದ.

ಆಮೇಲೆ ಆಯಿ ಆ ಹುಡುಗಿಯ ಹತ್ತಿರ ಸರಿದಳು. ಮೃದುವಾಗಿ ಕೇಳಿದಳು. "ನಿನ್ನ ಹೆಸರೇನವ್ವಾ?"

"ತಿಪ್ಪವ್ವ ಅಂತಾರ್ರಿ." ಅವಳು ನಾಚಿ ನಕ್ಕಳು. "ನಮ್ಮವ್ವಗ ನನಕಿಂತ ಮೊದಲು ಹುಟ್ಟಿದ್ದು ಒಂದೂ ಉಳಿದಿರಲಿಲ್ರಿ. ನನ್ನ ತಿಪ್ಪ್ಯಾಗ ಹೊಳ್ಳಾಡಿಸಿ ಹೆಸರಿಟ್ಟಾರ."

"ನೀ ಉಳದಿ."

"ಉಳದೇನ್ರಿ."

ಆಯಿ ನನ್ನ ಕಡೆ ನೋಡಿದಳು. ಅವಳು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ನಾನು ಗಂಟು ಬಿಚ್ಚಿದೆ. ತಿಪ್ಪವ್ವನನ್ನು ಮೂಡಣಕ್ಕೆ ಮುಖ ಮಾಡಿ ಕೂರಿಸಿದೆವು. ಅವಳು ಗಾಬರಿಯಿಂದ ನಮ್ಮಿಬ್ಬರನ್ನೂ ನೋಡಿದಳು, ಆಮೇಲೆ ಹರಿದ ಸೆರಗನ್ನು ಎರಡೂ ಕೈಯಿಂದ ಹರಡಿದಳು. ನಾನು ಮೊದಲ ಹಿಡಿ ಅಕ್ಕಿ ಹಾಕಿದೆ. ಎರಡನೆಯದಕ್ಕೆ ಅವಳು ತಡೆದಳು.

"ಆಯಿ, ನೀವು ತುಂಬ್ರಿ."

"ನಾ ಗಂಡ ಇಲ್ಲದಾಕಿ, ಯವ್ವಾ. ನಾ ಮುಟ್ಟಂಗಿಲ್ಲ."

"ನಮ್ಮವ್ವನೂ ಹಂಗೇ ಅದಾಳ್ರಿ. ಇಲ್ಲಿ ಇದ್ದಿದ್ರ ಆಕೀನೇ ತುಂಬತಿದ್ದಳು."

ಆಯಿ ತರಚಿ ರಕ್ತ ಒಸರಿದ್ದ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಉಳಿದ ನಾಲ್ಕು ಹಿಡಿ ತಾನೇ ತುಂಬಿದಳು. ಕೊಬ್ಬರಿ, ಅರಿಷಿಣ, ಅಡಿಕೆ ಇಟ್ಟಳು. ಖಣವನ್ನು ಮಡಿಚಿ ಮೇಲಿಟ್ಟಳು. ಹಸಿರು ಬಳೆ ನಾನು ತೊಡಿಸಿದೆ. ಕಲ್ಲು ಹೊತ್ತು ದಪ್ಪಗಟ್ಟಿದ ಕೈ, ಬಳೆ ಹೋಗಲೊಲ್ಲದು. ಉಗುಳು ಹಚ್ಚಿ ತುರುಕಿದೆ. ಮೂವರೂ ನಕ್ಕೆವು.

ಅಷ್ಟರಲ್ಲಿ ಕೆಳಗಿನಿಂದ ಹಾರನ್ ಬಂತು, ಎಮ್ಮೆ ಒದರಿದ ಹಾಗೆ. ಬಿಟ್ಟು ಹೋದರೆ ಹೇಗೆ ಎಂದು ನಾನು ಗೋಡೆಯಂಚಿಗೆ ಓಡಿ, ಕೈ ಬೀಸಿ, "ಬಂದ್ವಿ ಬಂದ್ವಿ" ಎಂದು ಕೂಗಿದೆ. ಹಿಂದೆ ತಿಪ್ಪವ್ವ ಕೇಳುವುದು ಕಿವಿಗೆ ಬಿತ್ತು.

"ಆಯಿ, ನಿಮ್ಮ ಹೆಸರೇನ್ರಿ? ಹೆಣ್ಣು ಹುಟ್ಟಿದ್ರ ಅದನ್ನೇ ಇಡ್ತೇನಿ."

ತಿರುಗಿ ನೋಡಿದಾಗ ಆಯಿ ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದಳು. ತಿಪ್ಪವ್ವ ಅದನ್ನು ಮೆಲ್ಲಗೆ ತನ್ನ ಬಾಯಲ್ಲಿ ಹೇಳಿಕೊಂಡಳು. ಹಾರನ್ ಮತ್ತೊಮ್ಮೆ ಕೂಗಿತು, ನನಗೆ ಕೇಳಿಸಲಿಲ್ಲ.

ಇಳಿಯುವಾಗ ಮಾಸ್ತರೇ ಅರ್ಧ ದಾರಿಗೆ ಬಂದಿದ್ದರು. ಆಯಿಯ ಅಂಗೈ ನೋಡಿ ತಮ್ಮ ಕರವಸ್ತ್ರ ಹರಿದು ಕಟ್ಟಿದರು. "ಏನು ನೋಡಿದ್ರಿ ಆಯಿ ಖಿಲ್ಲೇದಾಗ?" ಎಂದರು.

"ಛಲೋ ಇತ್ರಿ" ಎಂದಳು ಆಯಿ. "ಖಾಲಿ ಇತ್ತು."

ಅವ್ವನಿಗೆ ಏನು ಹೇಳಬೇಕು ಎಂದು ನಾನು ದಾರಿಯುದ್ದಕ್ಕೂ ಚಿಂತಿಸಿದ್ದೆ. ಆಯಿ ಬಾಗಿಲಲ್ಲೇ ಹೇಳಿಬಿಟ್ಟಳು, "ಉಡಿ ಮುಟ್ಟಿತು. ಆಕಿ ಆರಾಮ ಅದಾಳ." ಅವ್ವ ಆ ರಾತ್ರಿ ಬಹಳ ದಿನದ ಮೇಲೆ ಹೊಟ್ಟೆತುಂಬ ಉಂಡಳು. ಎರಡು ತಿಂಗಳಿಗೆ ನನ್ನ ತಮ್ಮ ಹುಟ್ಟಿದ. ತಿಪ್ಪಣ್ಣ ಎಂದು ಹೆಸರಿಟ್ಟದ್ದು ಆಯಿ. ಅವನು ಉಳಿದ, ಈಗ ಅವನಿಗೂ ಮೊಮ್ಮಕ್ಕಳು. ಉಡಿಯಿಂದ ಉಳಿದನೇ? ನಾನು ಮುಂದೆ ಸರಕಾರಿ ದವಾಖಾನೆಯಲ್ಲಿ ಬಾಣಂತನದ ನರ್ಸಾಗಿ ಮೂವತ್ತು ವರ್ಷ ದುಡಿದವಳು, ಕೂಸು ಯಾತಕ್ಕೆ ಸಾಯುತ್ತದೆ ಯಾತಕ್ಕೆ ಬದುಕುತ್ತದೆ ಎಂದು ಬಲ್ಲೆ. ಆದರೆ ಹೆದರಿಕೆ ಬಿಟ್ಟು ಅವ್ವ ಉಂಡ ಆ ಎರಡು ತಿಂಗಳ ಊಟವನ್ನು ಮಾತ್ರ ಲೆಕ್ಕದಿಂದ ಬಿಡಲಾರೆ.

ಆ ಮಳೆಗಾಲದಲ್ಲೇ ಆಯಿ ಹೋದಳು.

ಆಮೇಲೆ ಬಹಳ ಹೋಯಿತು. ನಿಜಾಮ ಹೋದ, ಇದ್ದಲಿ ಮೋಟಾರು ಹೋಯಿತು, ಪಡಸಾಲೆಯ ಮೂಲೆ ಹೋಯಿತು. ಹೋದದ್ದಕ್ಕೆಲ್ಲ ಅಳುವವಳಲ್ಲ ನಾನು, ಕೆಲವು ಹೋದದ್ದೇ ಒಳ್ಳೆಯದಾಯಿತು. ನಾವು ಬುದ್ಧನ ದಾರಿ ಹಿಡಿದೆವು. ಹರಕೆ, ಉಡಿ ಎಲ್ಲ ಬಿಟ್ಟೆವು. ಶಹಾಪುರದಲ್ಲಿ ಮಲಗಿದ ಆ ಮನುಷ್ಯನನ್ನು ಈಗ ಬುದ್ಧನೆಂದೇ ಜನ ಕರೆಯುತ್ತಾರೆ. ಹೋದ ವರ್ಷ ತಿಪ್ಪಣ್ಣನ ಮೊಮ್ಮಗ ಕಾರಿನಲ್ಲಿ ಕೂರಿಸಿಕೊಂಡು ಆಯಿಯ ಗುಡ್ಡಕ್ಕೆ ಒಯ್ದ. ಬುರುಜಿದ್ದ ಜಾಗದಲ್ಲಿ ಜಾಲಿ ಬೆಳೆದಿದೆ. ಬರುವಾಗ ದಾರಿಯಲ್ಲಿ ಹಳೆಯ ಸೇತುವೆ ಕಂಡಲ್ಲೆಲ್ಲ ಕಾರು ನಿಲ್ಲಿಸು ಎಂದೆ. ಇಳಿದು, ಬಗ್ಗಿ, ಕಂಬದ ಕಲ್ಲುಗಳನ್ನು ನೋಡಿದೆ. ಬಳೆ ತೊಟ್ಟ ಕೈಯೊಂದು ಎಲ್ಲಿಯಾದರೂ ಕಂಡೀತೇ ಎಂದು. "ಏನು ಹುಡುಕ್ತೀರಿ ಅಜ್ಜಿ?" ಎಂದ ಹುಡುಗ. ನಾನು ಮುಂದಿನ ಕಂಬದ ಕಡೆ ನಡೆದೆ.

ನಾನು ಕೆಲಸದಲ್ಲಿದ್ದ ದಿನಗಳಲ್ಲಿ, ದವಾಖಾನೆಗೆ ಬಸುರಿಯರು ಬಂದಾಗ ಗಂಡನ ಹೆಸರು, ಊರ ಹೆಸರು ಮೊದಲು ಬರೆಯುವುದು ರೂಢಿ. ನಾನು ಎಂದೂ ಹಾಗೆ ಮಾಡಲಿಲ್ಲ. ಮೊದಲು ಕೇಳುತ್ತಿದ್ದದ್ದು, "ನಿನ್ನ ಹೆಸರೇನವ್ವಾ?" ಒಂದು ದಿನ ಹಾಗೆ ಕೇಳುತ್ತಿರುವಾಗ ಕೈಯಲ್ಲಿನ ಪೆನ್ನು ನಿಂತುಹೋಯಿತು. ಸಂಜೆ ಬಸ್ಸು ಹಿಡಿದು ಊರಿಗೆ ಹೋದೆ. ಅಪ್ಪ ಆಗ ಹಾಸಿಗೆ ಹಿಡಿದಿದ್ದ.

"ಅಪ್ಪಾ, ಆಯಿ ಹೆಸರೇನು?"

"ನಾ ಅವ್ವ ಅಂತಿದ್ದೆ" ಎಂದ. "ನಮ್ಮಪ್ಪ 'ಏ, ಇಲ್ಲಿ ಬಾ' ಅಂತಿದ್ದ. ಮಂದಿ ಗುಡ್ಡದಾಕಿ ಅಂತಿದ್ರು." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದ.

ತಿಪ್ಪವ್ವನಿಗೆ ಹೆಣ್ಣು ಹುಟ್ಟಿದ್ದರೆ ಅವಳಿಗೀಗ ನನಗಿಂತ ಹತ್ತು ವರ್ಷ ಕಡಿಮೆ ವಯಸ್ಸು. ಎಲ್ಲಿಯೋ ಇದ್ದಾಳೆ. ಅಂಗಳದಲ್ಲಿ ಕೂತು ಕಾಳು ಆರಿಸುತ್ತಿರುತ್ತಾಳೆ, ಯಾರೋ ಅವಳನ್ನು ಕರೆಯುತ್ತಾರೆ, ಅವಳು ಓ ಎನ್ನುತ್ತಾಳೆ. ಅದು ನನ್ನ ಆಯಿಯ ಹೆಸರು. ನನಗದು ಗೊತ್ತಿಲ್ಲ.